ಮಲೆನಾಡಿನ ಕಚೇರಿ, ಸ್ಟುಡಿಯೋಗಳಿಗೆ ರೇಡ್ ಅರೇ ಮತ್ತು ಸ್ಪೇರ್ ಡಿಸ್ಕ್: ಒಂದು ಸಮಗ್ರ ಮಾರ್ಗದರ್ಶಿ

ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿ, ಸಾಮಾನ್ಯವಾಗಿ ಒಂದು ಕೆಟ್ಟರೂ ದತ್ತಾಂಶ ಉಳಿಯುವಂತೆ ಮಾಡುವ ವ್ಯವಸ್ಥೆಗೆ ರೇಡ್ ಅರೇ ಎನ್ನುತ್ತಾರೆ. ಅದರಲ್ಲಿ ಒಂದು ಡಿಸ್ಕ್ ಕೆಟ್ಟ ಗಳಿಗೆಯಿಂದ ಹಿಡಿದು, ಅದರ ಜಾಗಕ್ಕೆ ಹೊಸ ಡಿಸ್ಕ್ ಬಂದು, ಅದರ ಮೇಲೆ ದತ್ತಾಂಶವೆಲ್ಲ ಮತ್ತೆ ಬರೆದು ಮುಗಿಯುವವರೆಗಿನ ಅವಧಿಯೇ ಇಡೀ ವ್ಯವಸ್ಥೆಯ ಅತ್ಯಂತ ಅಪಾಯದ ಅವಧಿ. ದೊಡ್ಡ ನಗರದಲ್ಲಿ ಅಂಗಡಿಗೆ ಹೋಗಿ ಡಿಸ್ಕ್ ತರಲು ಅರ್ಧ ದಿನ ಸಾಕು. ಹೊಸನಗರದಲ್ಲೋ ಆಗುಂಬೆಯ ಆಸುಪಾಸಿನಲ್ಲೋ ಪುನರ್ವಸು, ಪುಷ್ಯ ಮಳೆ ಹಿಡಿದು ಕೂತ ವಾರದಲ್ಲಿ, ಮರ ಬಿದ್ದು ರಸ್ತೆ ಕಟ್ಟಿ, ಲೈನು ಹರಿದು, ಕೊರಿಯರ್ ಶಿವಮೊಗ್ಗದಲ್ಲೇ ಉಳಿದುಬಿಟ್ಟರೆ, ಅದೇ ಕೆಲಸಕ್ಕೆ ಎಂಟು ಹತ್ತು ದಿನ ಬೇಕಾದರೂ ಆಶ್ಚರ್ಯವಿಲ್ಲ. 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರಾಂಡಿ ಕಾಟ್ಜ್ ಅವರು ರೇಡ್ ಕಲ್ಪನೆಯನ್ನು ಮಂಡಿಸಿದಾಗಲೇ, ಅರೇಯ ಬಾಳಿಕೆಯ ಲೆಕ್ಕದಲ್ಲಿ ರಿಪೇರಿಗೆ ಹಿಡಿಯುವ ಸಮಯವನ್ನು ಭಾಜಕದಲ್ಲಿ ಇಟ್ಟಿದ್ದರು. ರಿಪೇರಿ ಹತ್ತು ಪಟ್ಟು ತಡವಾದರೆ ಸುರಕ್ಷತೆ ಅದೇ ಪ್ರಮಾಣದಲ್ಲಿ ಕುಸಿಯುತ್ತದೆ. ಆದ್ದರಿಂದಲೇ ನಮ್ಮ ಕಡೆಯ ಕಚೇರಿಗಳಲ್ಲಿ ಸ್ಪೇರ್ ಡಿಸ್ಕನ್ನು (ಕೆಟ್ಟದ್ದರ ಜಾಗಕ್ಕೆಂದು ಮೊದಲೇ ತೆಗೆದಿಡುವ ಡಿಸ್ಕ್) ಮುಂದೆಂದೋ ಕೊಳ್ಳುವ ಹೆಚ್ಚುವರಿ ಸಾಮಾನು ಎಂದು ನೋಡದೆ, ಅರೇಯ ಯೋಜನೆ ಹಾಕುವ ಮೊದಲ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಮಾರ್ಗದರ್ಶಿಯನ್ನು ಮದುವೆಯ ವಿಡಿಯೋ, ಯಕ್ಷಗಾನದ ಧ್ವನಿಮುದ್ರಣಗಳನ್ನು ಕೂಡಿಡುವ ಸ್ಟುಡಿಯೋ, ಅಡಿಕೆ ವಹಿವಾಟಿನ ಲೆಕ್ಕ ಇಡುವ ಸಹಕಾರ ಸಂಘ, ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಗ್ರಂಥಾಲಯ, ಇಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ವಿಧಾನ ಲಿನಕ್ಸ್‌ನದು, ಅದರಲ್ಲೂ ಡೆಬಿಯನ್ ಅಥವಾ ಉಬುಂಟು ಹಾಕಿದ ಸಾಮಾನ್ಯ ಡೆಸ್ಕ್‌ಟಾಪ್ ಕಂಪ್ಯೂಟರಿನದು. ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ರೂಟ್ (ಕಂಪ್ಯೂಟರಿನ ಮೇಲ್ವಿಚಾರಕ) ಅಧಿಕಾರದಿಂದ ಬರೆಯಬೇಕು.

ಯಾವ ಮಟ್ಟದ ರೇಡ್, ಎಷ್ಟು ಡಿಸ್ಕ್

ರೇಡ್ 0ನ್ನು ಇಲ್ಲಿಯೇ ಬದಿಗಿಡೋಣ. ಅದರಲ್ಲಿ ವೇಗವಿದೆ, ರಕ್ಷಣೆ ಎಳ್ಳಷ್ಟೂ ಇಲ್ಲ. ಒಂದು ಡಿಸ್ಕ್ ಹೋದರೆ ಎಲ್ಲವೂ ಹೋಗುತ್ತದೆ. ರೇಡ್ 1ರಲ್ಲಿ ಒಂದೇ ದತ್ತಾಂಶ ಎರಡು ಅಥವಾ ಹೆಚ್ಚು ಡಿಸ್ಕ್‌ಗಳ ಮೇಲೆ ಯಥಾವತ್ತಾಗಿ ಇರುತ್ತದೆ. ಬಳಕೆಗೆ ಸಿಗುವುದು ಒಂದು ಡಿಸ್ಕ್‌ನ ಜಾಗ ಮಾತ್ರ. ರೇಡ್ 10ರಲ್ಲಿ ಪ್ರತಿ ತುಣುಕಿಗೂ ಇನ್ನೊಂದು ಡಿಸ್ಕ್ ಮೇಲೆ ಪ್ರತಿ ಇರುತ್ತದೆ, ಒಟ್ಟು ಜಾಗದ ಅರ್ಧ ಸಿಗುತ್ತದೆ, ವೇಗವೂ ಚೆನ್ನಾಗಿರುತ್ತದೆ.

ರೇಡ್ 5 ಮತ್ತು 6 ಪ್ಯಾರಿಟಿಯ ಮೇಲೆ ನಿಂತಿವೆ. ಸೊಸೈಟಿಯ ಲೆಡ್ಜರಿನಲ್ಲಿ ಸಾಲಿನ ಕೊನೆಗೆ ಒಟ್ಟು ಮೊತ್ತ ಬರೆದಿದ್ದು, ನಡುವಿನ ಒಂದು ಅಂಕಿ ಮಳೆನೀರು ಬಿದ್ದು ಅಳಿಸಿಹೋದರೆ, ಮೊತ್ತದಿಂದ ಉಳಿದವನ್ನು ಕಳೆದು ಅಳಿದ ಅಂಕಿಯನ್ನು ಕಂಡುಹಿಡಿಯಬಹುದಲ್ಲವೇ, ಪ್ಯಾರಿಟಿ ಮಾಡುವುದೂ ಅದನ್ನೇ. ರೇಡ್ 5ರಲ್ಲಿ ಇಂಥ ಒಂದು ಲೆಕ್ಕ ಇರುತ್ತದೆ, ಹಾಗಾಗಿ ಒಂದು ಡಿಸ್ಕ್ ಹೋದರೆ ಬದುಕಬಹುದು. ರೇಡ್ 6ರಲ್ಲಿ ಬೇರೆ ಬೇರೆ ರೀತಿಯ ಎರಡು ಲೆಕ್ಕಗಳಿರುವುದರಿಂದ ಯಾವುದೇ ಎರಡು ಡಿಸ್ಕ್ ಹೋದರೂ ಬದುಕಬಹುದು. ಜಾಗದ ಲೆಕ್ಕ ಸುಲಭ: ರೇಡ್ 5ರಲ್ಲಿ ಒಟ್ಟು ಡಿಸ್ಕ್‌ಗಳಲ್ಲಿ ಒಂದನ್ನು ಕಳೆಯಿರಿ, ರೇಡ್ 6ರಲ್ಲಿ ಎರಡನ್ನು ಕಳೆಯಿರಿ.

ಸ್ಪೇರ್ ವಿಚಾರದಲ್ಲಿ ಬಹಳ ಜನ ಎಡವುವುದು ಇಲ್ಲಿ. ಕೈಯಲ್ಲಿ ನಾಲ್ಕು ಡಿಸ್ಕ್ ಇದ್ದಾಗ ಮೂರರಲ್ಲಿ ರೇಡ್ 5 ಮಾಡಿ ಒಂದನ್ನು ಸ್ಪೇರ್ ಆಗಿ ಇಡುವುದು ಒಂದು ದಾರಿ, ನಾಲ್ಕನ್ನೂ ಸೇರಿಸಿ ರೇಡ್ 6 ಮಾಡುವುದು ಇನ್ನೊಂದು ದಾರಿ. ಎರಡರಲ್ಲೂ ಸಿಗುವ ಜಾಗ ಎರಡು ಡಿಸ್ಕ್‌ನಷ್ಟೇ. ಆದರೆ ಮೊದಲನೆಯದರಲ್ಲಿ ಡಿಸ್ಕ್ ಕೆಟ್ಟ ಮೇಲಷ್ಟೇ ಸ್ಪೇರ್ ತುಂಬಲು ತೊಡಗುತ್ತದೆ, ಮತ್ತು ಅದು ತುಂಬುವ ಅಷ್ಟೂ ಗಂಟೆ ಉಳಿದ ಎರಡು ಡಿಸ್ಕ್‌ಗಳಲ್ಲಿ ಒಂದು ಸೆಕ್ಟರ್ (ಡಿಸ್ಕ್‌ನ ಅತಿ ಸಣ್ಣ ತುಣುಕು) ಓದಲಾಗದಿದ್ದರೂ ಆ ಭಾಗ ಹೋದಂತೆಯೇ. ಎರಡನೆಯದರಲ್ಲಿ ನಾಲ್ಕನೆಯ ಡಿಸ್ಕ್ ಮೊದಲ ದಿನದಿಂದಲೇ ದುಡಿಯುತ್ತಿರುತ್ತದೆ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್‌ಗಳ ವಿವರಪತ್ರದಲ್ಲಿ ಓದಲಾಗದ ದೋಷದ ಮಿತಿಯನ್ನು 10ರ 14ನೇ ಘಾತದಷ್ಟು ಬಿಟ್‌ಗಳಿಗೆ ಒಂದು ಎಂದು ಕೊಟ್ಟಿರುತ್ತಾರೆ, ಅಂದರೆ ಸುಮಾರು 12.5 ಟೆರಾಬೈಟ್ ಓದಿದರೆ ಒಂದು. ಅನೇಕ ಡಿಸ್ಕ್‌ಗಳು ಇದಕ್ಕಿಂತ ಚೆನ್ನಾಗಿಯೇ ನಡೆದುಕೊಳ್ಳುತ್ತವೆ ನಿಜ, ಆದರೂ ದೊಡ್ಡ ಡಿಸ್ಕ್‌ಗಳ ರೀಬಿಲ್ಡ್‌ನಲ್ಲಿ, ಅಂದರೆ ಕೆಟ್ಟದ್ದರ ದತ್ತಾಂಶವನ್ನು ಬದಲಿ ಡಿಸ್ಕ್ ಮೇಲೆ ಮತ್ತೆ ಬರೆಯುವಾಗ, ಇದು ನಿರ್ಲಕ್ಷಿಸುವ ಅಂಕಿಯಲ್ಲ. ಹಾಗೆಯೇ, ಮೂರು ಡಿಸ್ಕ್ ಇದ್ದು ಒಂದರ ಜಾಗ ಸಾಕು ಎನ್ನುವವರಿಗೆ ಎರಡರ ಮಿರರ್ (ರೇಡ್ 1) ಜೊತೆ ಒಂದು ಸ್ಪೇರ್‌ಗಿಂತ, ಮೂರರಲ್ಲೂ ಪ್ರತಿ ಇರುವ ಮಿರರ್ ಮೇಲು.

ಹಾಗಾದರೆ ಸ್ಪೇರ್ ಎಲ್ಲಿ ಬೇಕು? ರೇಡ್ 6 ಆದ ಮೇಲೂ ಕೈಯಲ್ಲಿ ಒಂದು ಡಿಸ್ಕ್ ಉಳಿದಿದ್ದರೆ ಅದು ಸ್ಪೇರ್. ಒಂದೇ ಕಂಪ್ಯೂಟರಿನಲ್ಲಿ ಎರಡು ಅರೇಗಳಿದ್ದರೆ ಅವೆರಡಕ್ಕೂ ಸೇರಿ ಒಂದು ಸ್ಪೇರ್. ಕಂಪ್ಯೂಟರ್ ಇರುವ ಊರಿನಲ್ಲಿ ಅದನ್ನು ಬಿಚ್ಚಿ ಡಿಸ್ಕ್ ಬದಲಿಸಬಲ್ಲವರು ಇಲ್ಲದಿದ್ದರಂತೂ ಸ್ಪೇರ್ ಇರಲೇಬೇಕು. ತೀರ್ಥಹಳ್ಳಿಯ ಕಂಪ್ಯೂಟರನ್ನು ಸುಮಾರು 60 ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ ಕೂತು ನೋಡಿಕೊಳ್ಳುವವರಿಗೆ, ರಾತ್ರಿ ಎರಡು ಗಂಟೆಗೆ ಡಿಸ್ಕ್ ಕೆಟ್ಟರೂ ಎರಡು ಗಂಟೆ ಒಂದು ನಿಮಿಷಕ್ಕೆ ರೀಬಿಲ್ಡ್ ತಾನಾಗಿ ಶುರುವಾಗುವ ನೆಮ್ಮದಿ ಹಾಟ್ ಸ್ಪೇರ್‌ನಿಂದ, ಅಂದರೆ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟ ಸ್ಪೇರ್‌ನಿಂದ ಮಾತ್ರ ಸಿಗುತ್ತದೆ. ಕೆಳಗಿನ ಉದಾಹರಣೆಯಲ್ಲಿ ಒಂದು ಸ್ಟುಡಿಯೋಗೆಂದು 4 ಟೆರಾಬೈಟ್‌ನ ಐದು ಡಿಸ್ಕ್ ತೆಗೆದುಕೊಂಡಿದ್ದೇನೆ: ನಾಲ್ಕರಲ್ಲಿ ರೇಡ್ 6, ಐದನೆಯದು ಹಾಟ್ ಸ್ಪೇರ್. ಬಳಕೆಗೆ ಸಿಗುವುದು 8 ಟೆರಾಬೈಟ್. ಆಪರೇಟಿಂಗ್ ಸಿಸ್ಟಂ ಬೇರೆಯೇ ಒಂದು ಸಣ್ಣ ಎಸ್‌ಎಸ್‌ಡಿಯಲ್ಲಿರಲಿ.

ಕೊಳ್ಳುವಾಗ

ರೇಡ್ ಕಾರ್ಡ್ ಕೊಳ್ಳಬೇಡಿ, ಮದರ್‌ಬೋರ್ಡಿನ ಬಯಾಸ್‌ನಲ್ಲಿ ಕಾಣುವ ರೇಡ್ ಆಯ್ಕೆಯನ್ನೂ ಒತ್ತಬೇಡಿ. ಆ ಕಾರ್ಡ್ ಅಥವಾ ಬೋರ್ಡ್ ಸಿಡಿಲಿಗೆ ಸುಟ್ಟರೆ ಅಂಥದೇ ಇನ್ನೊಂದನ್ನು ನಮ್ಮ ಊರುಗಳಲ್ಲಿ ಹುಡುಕುವುದು ಕಷ್ಟ, ಮತ್ತು ಅದು ಸಿಗುವವರೆಗೆ ಡಿಸ್ಕ್‌ಗಳೆಲ್ಲ ಚೆನ್ನಾಗಿದ್ದರೂ ದತ್ತಾಂಶ ಕೈಗೆ ಸಿಗದು. ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್‌ನಲ್ಲಿ ಪ್ರತಿ ಡಿಸ್ಕ್ ತನ್ನ ಗುರುತನ್ನು ತಾನೇ ಹೊತ್ತಿರುತ್ತದೆ. ಯಾವ ಕಂಪ್ಯೂಟರಿಗೆ, ಯಾವ ಕ್ರಮದಲ್ಲಿ ಸಿಕ್ಕಿಸಿದರೂ, ಅರೇ ಕಟ್ಟುವ ಎಂಡಿಎಡಿಎಂ ತಂತ್ರಾಂಶಕ್ಕೆ ‘ಎಂಡಿಎಡಿಎಂ --ಅಸೆಂಬಲ್ --ಸ್ಕ್ಯಾನ್’ ಎಂದರೆ ಅರೇ ಎದ್ದು ನಿಲ್ಲುತ್ತದೆ.

ಡಿಸ್ಕ್ ಆರಿಸುವಾಗ ಅದು ಸಿಎಂಆರ್ ಬಗೆಯದೇ (ಬರೆಯುವ ಪಟ್ಟಿಗಳು ಒಂದರ ಮೇಲೊಂದು ಬಾರದ್ದು) ಎಂದು ತಯಾರಕರ ವಿವರಪತ್ರದಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಎಸ್‌ಎಂಆರ್ ಬಗೆಯ ಡಿಸ್ಕ್‌ಗಳಲ್ಲಿ ಪಟ್ಟಿಗಳು ಒಂದರ ಮೇಲೊಂದು ಸ್ವಲ್ಪ ಹೊದ್ದುಕೊಂಡಿರುವುದರಿಂದ ಸತತ ಬರವಣಿಗೆಯಲ್ಲಿ ಅವು ತೀರಾ ನಿಧಾನವಾಗುತ್ತವೆ. ಗಂಟೆಗಳಲ್ಲಿ ಮುಗಿಯಬೇಕಾದ ರೀಬಿಲ್ಡ್ ದಿನಗಟ್ಟಲೆ ಎಳೆಯುತ್ತದೆ, ಕೆಲವೊಮ್ಮೆ ಅರೇ ಆ ಡಿಸ್ಕನ್ನು ಕೆಟ್ಟಿತೆಂದು ಭಾವಿಸಿ ಹೊರಹಾಕುತ್ತದೆ. ಐದನ್ನೂ ಒಂದೇ ಪೆಟ್ಟಿಗೆಯಿಂದ ತೆಗೆದುಕೊಳ್ಳದೆ ಸಾಧ್ಯವಾದರೆ ಎರಡು ಅಂಗಡಿಗಳಿಂದ, ತಯಾರಿಕೆಯ ತಿಂಗಳು ಬೇರೆ ಬೇರೆ ಇರುವಂತೆ ಕೊಳ್ಳಿ. ಒಂದೇ ತಂಡದಲ್ಲಿ ತಯಾರಾದವು ಒಂದೇ ಕಾಲಕ್ಕೆ ಕೆಡುವ ಸಂಭವ ಹೆಚ್ಚು. ಸ್ಪೇರ್ ಡಿಸ್ಕ್‌ನ ಗಾತ್ರ ಉಳಿದವುಗಳಷ್ಟೇ ಅಥವಾ ಹೆಚ್ಚು ಇರಬೇಕು, ಕಡಿಮೆ ಇರಕೂಡದು.

ವಿದ್ಯುತ್ತಿನ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ಮಲೆನಾಡಿನ ಮನೆಗಳಲ್ಲಿ ಇನ್ವರ್ಟರ್ ಇದ್ದೇ ಇರುತ್ತದೆ, ಅದರ ಮೇಲೆ ಕಂಪ್ಯೂಟರ್ ಓಡುತ್ತದೆ ಎಂಬ ಧೈರ್ಯವೂ ಇರುತ್ತದೆ. ಆದರೆ ಸಾಮಾನ್ಯ ಇನ್ವರ್ಟರ್ ಲೈನಿನಿಂದ ಬ್ಯಾಟರಿಗೆ ಬದಲಾಗುವ ಕ್ಷಣದಲ್ಲಿ ಕಂಪ್ಯೂಟರ್ ಮರುಚಾಲನೆಗೊಳ್ಳಬಹುದು. ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅದನ್ನು ಹಾಕಿಡಬೇಕು. ಅದಕ್ಕಿಂತ ಮುಖ್ಯವಾಗಿ, ಬ್ಯಾಟರಿ ಮುಗಿಯುತ್ತಿದೆ ಎಂದು ಇನ್ವರ್ಟರ್ ಕಂಪ್ಯೂಟರಿಗೆ ತಿಳಿಸುವುದಿಲ್ಲ. ಪ್ಯಾರಿಟಿ ಅರೇಯಲ್ಲಿ ದತ್ತಾಂಶ ಬರೆದು ಅದರ ಪ್ಯಾರಿಟಿ ಬರೆಯುವ ಮೊದಲು ಕರೆಂಟ್ ಹೋದರೆ ಎರಡಕ್ಕೂ ತಾಳೆಯಾಗದೆ ಉಳಿಯುತ್ತದೆ. ಅದೇ ಹೊತ್ತಿಗೆ ಒಂದು ಡಿಸ್ಕ್ ಕೂಡ ಕೆಟ್ಟಿದ್ದರೆ ತಪ್ಪು ಪ್ಯಾರಿಟಿಯಿಂದ ತಪ್ಪು ದತ್ತಾಂಶ ಹುಟ್ಟುತ್ತದೆ. ಆದ್ದರಿಂದ ಯುಎಸ್‌ಬಿ ಕೇಬಲ್ ಇರುವ ಒಂದು ಯುಪಿಎಸ್ ಕೊಂಡು, ಎನ್‌ಯುಟಿ ಎಂಬ ತಂತ್ರಾಂಶ ಹಾಕಿ, ಬ್ಯಾಟರಿ ಇಳಿದಾಗ ಕಂಪ್ಯೂಟರ್ ತಾನಾಗಿ ಕ್ರಮಬದ್ಧವಾಗಿ ನಿಲ್ಲುವಂತೆ ಮಾಡಿ. ಡಿಸ್ಕ್‌ಗೆ ಖರ್ಚು ಮಾಡಿ ಯುಪಿಎಸ್‌ಗೆ ಕೈ ಬಿಗಿಹಿಡಿಯುವುದು ಸರಿಯಲ್ಲ.

ಹೊಸ ಡಿಸ್ಕನ್ನು ನಂಬುವ ಮುನ್ನ

ಡಿಸ್ಕ್‌ಗಳನ್ನು ಸಿಕ್ಕಿಸುವಾಗಲೇ ಪ್ರತಿಯೊಂದರ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕಿಗಳನ್ನು ಚೀಟಿಯಲ್ಲಿ ಬರೆದು, ಡಿಸ್ಕ್ ಕೂತಿರುವ ಜಾಗದ ಹೊರಗೆ ಕಾಣುವಂತೆ ಅಂಟಿಸಿ. ಮುಂದೆಂದೋ ಕೆಟ್ಟ ಡಿಸ್ಕ್ ತೆಗೆಯಲು ಹೋಗಿ ಒಳ್ಳೆಯದನ್ನು ಕಿತ್ತರೆ, ಡಿಸ್ಕ್ ಕೆಟ್ಟದ್ದಕ್ಕಿಂತ ಹೆಚ್ಚಿನ ನಷ್ಟವಾಗುತ್ತದೆ. ಕಂಪ್ಯೂಟರಿನೊಳಗೂ ‘ಎಸ್‌ಡಿಎ’, ‘ಎಸ್‌ಡಿಬಿ’ ಎಂಬ ಹೆಸರುಗಳನ್ನು ನೆಚ್ಚಬೇಡಿ, ಅವು ಮರುಚಾಲನೆಯಾದಾಗ ಅದಲುಬದಲಾಗಬಲ್ಲವು. ‘/ಡೆವ್/ಡಿಸ್ಕ್/ಬೈ-ಐಡಿ’ ಕಡತಕೋಶದಲ್ಲಿ ಮಾದರಿ ಮತ್ತು ಸೀರಿಯಲ್ ನಂಬರ್ ಸೇರಿದ ಶಾಶ್ವತ ಹೆಸರುಗಳಿವೆ, ಎಲ್ಲ ಕೆಲಸಕ್ಕೂ ಅವನ್ನೇ ಬಳಸಿ.

ಆಮೇಲೆ ‘ಎಂಡಿಎಡಿಎಂ’ ಮತ್ತು ‘ಸ್ಮಾರ್ಟ್‌ಮಾನ್‌ಟೂಲ್ಸ್’ ಪ್ಯಾಕೇಜುಗಳನ್ನು ಹಾಕಿಕೊಂಡು, ಐದೂ ಡಿಸ್ಕ್‌ಗಳ ಮೇಲೆ ‘ಸ್ಮಾರ್ಟ್‌ಸಿಟಿಎಲ್ -ಟಿ ಲಾಂಗ್’ ಪರೀಕ್ಷೆ ನಡೆಸಿ. 4 ಟೆರಾಬೈಟ್ ಡಿಸ್ಕ್‌ಗೆ ಇದು ಹಲವು ಗಂಟೆ ಹಿಡಿಯುತ್ತದೆ, ಹಿಡಿಯಲಿ. ಸಮಯವಿದ್ದರೆ ಖಾಲಿ ಡಿಸ್ಕ್ ಮೇಲೆ ‘ಬ್ಯಾಡ್‌ಬ್ಲಾಕ್ಸ್ -ಡಬ್ಲ್ಯೂ’ ಓಡಿಸುವುದು ಇನ್ನೂ ಒಳ್ಳೆಯದು. ಅದು ಡಿಸ್ಕನ್ನೆಲ್ಲ ನಾಲ್ಕು ಸಲ ಬರೆದು ನಾಲ್ಕು ಸಲ ಓದುತ್ತದೆ, ಎರಡು ದಿನಕ್ಕೂ ಮಿಕ್ಕಿ ನಡೆಯುತ್ತದೆ, ಡಿಸ್ಕ್‌ನಲ್ಲಿ ಏನಿದ್ದರೂ ಅಳಿಸಿಹಾಕುತ್ತದೆ. ಮುಗಿದ ಮೇಲೆ ‘ಸ್ಮಾರ್ಟ್‌ಸಿಟಿಎಲ್ -ಎ’ ಕೊಡುವ ಪಟ್ಟಿಯಲ್ಲಿ 5, 197 ಮತ್ತು 198 ಎಂಬ ಗುರುತು ಸಂಖ್ಯೆಯ ಸಾಲುಗಳನ್ನು ನೋಡಿ. ಬದಲಿ ಸೆಕ್ಟರ್, ಬಾಕಿ ಸೆಕ್ಟರ್, ಸರಿಪಡಿಸಲಾಗದ ಸೆಕ್ಟರ್‌ಗಳ ಲೆಕ್ಕ ಅಲ್ಲಿರುತ್ತದೆ. ಹೊಸ ಡಿಸ್ಕ್‌ನಲ್ಲಿ ಈ ಮೂರೂ ಸೊನ್ನೆ ಇರಬೇಕು, ಇಲ್ಲದಿದ್ದರೆ ಅಂಗಡಿಗೆ ವಾಪಸು. 199 ಸಂಖ್ಯೆಯ ಸಾಲಿನ ಲೆಕ್ಕ ಏರುತ್ತಿದ್ದರೆ ತಪ್ಪು ಬಹುತೇಕ ಕೇಬಲ್‌ನದು. ಮಳೆಗಾಲದ ತೇವಕ್ಕೆ ಕನೆಕ್ಟರುಗಳು ಕಿಲುಬು ಹಿಡಿಯುವ ನಮ್ಮ ಕಡೆ ಇದನ್ನು ನೋಡದೆ ಡಿಸ್ಕ್ ಎಸೆಯಬಾರದು.

ಇನ್ನೊಂದು ಸೂಕ್ಷ್ಮ ಸಂಗತಿಯಿದೆ. ಓದಲಾಗದ ಸೆಕ್ಟರ್ ಸಿಕ್ಕಾಗ ಡೆಸ್ಕ್‌ಟಾಪ್ ಡಿಸ್ಕ್‌ಗಳು ನಿಮಿಷಗಟ್ಟಲೆ ಮತ್ತೆ ಮತ್ತೆ ಪ್ರಯತ್ನಿಸುತ್ತವೆ. ಲಿನಕ್ಸ್ ಕಾಯುವುದು 30 ಸೆಕೆಂಡ್ ಮಾತ್ರ. ಆಮೇಲೆ ಅದು ಡಿಸ್ಕ್‌ನ ಸಂಪರ್ಕವನ್ನೇ ಕಡಿದು ಹೊಸದಾಗಿ ಮಾತಾಡಿಸಲು ನೋಡುತ್ತದೆ, ಡಿಸ್ಕ್ ಉತ್ತರಿಸದಿದ್ದರೆ ಒಂದೇ ಒಂದು ಸೆಕ್ಟರಿನ ತಪ್ಪಿಗೆ ಇಡೀ ಡಿಸ್ಕ್ ಅರೇಯಿಂದ ಹೊರಬೀಳುತ್ತದೆ. ‘ಸ್ಮಾರ್ಟ್‌ಸಿಟಿಎಲ್ -ಎಲ್ ಎಸ್‌ಸಿಟಿಇಆರ್‌ಸಿ,70,70’ ಎಂಬ ಆಜ್ಞೆ ಡಿಸ್ಕ್‌ಗೆ 7 ಸೆಕೆಂಡಿನಲ್ಲಿ ಪ್ರಯತ್ನ ಬಿಡಲು ಹೇಳುತ್ತದೆ. ನ್ಯಾಸ್‌ಗೆಂದು (ನೆಟ್‌ವರ್ಕ್ ಮೂಲಕ ಕಡತ ಹಂಚುವ ಪೆಟ್ಟಿಗೆ) ಮಾಡಿದ ಡಿಸ್ಕ್‌ಗಳು ಸಾಮಾನ್ಯವಾಗಿ ಇದನ್ನು ಒಪ್ಪುತ್ತವೆ. ಒಪ್ಪದ ಡಿಸ್ಕ್ ಇದ್ದರೆ ‘/ಸಿಸ್/ಬ್ಲಾಕ್’ ಒಳಗೆ ಆ ಡಿಸ್ಕ್‌ನ ‘ಡಿವೈಸ್/ಟೈಮ್‌ಔಟ್’ ಕಡತದಲ್ಲಿ 180 ಎಂದು ಬರೆಯಿರಿ. ಇವೆರಡೂ ಕಂಪ್ಯೂಟರ್ ಆರಿಸಿದರೆ ಮರೆತುಹೋಗಬಹುದಾದ್ದರಿಂದ ಪ್ರತಿ ಸಲ ಆನ್ ಆದಾಗ ನಡೆಯುವಂತೆ ಒಂದು ಸಣ್ಣ ಸ್ಕ್ರಿಪ್ಟ್‌ನಲ್ಲಿ ಇಡಬೇಕು.

ಅರೇ ಕಟ್ಟುವುದು

ಪ್ರತಿ ಡಿಸ್ಕ್ ಮೇಲೂ ಹಳೆಯ ಗುರುತುಗಳಿದ್ದರೆ ‘ವೈಪ್‌ಎಫ್‌ಎಸ್ -ಎ’ ಯಿಂದ ಅಳಿಸಿ. ಆಮೇಲೆ ಜಿಪಿಟಿ ಬಗೆಯ ಪಾರ್ಟಿಷನ್ ಟೇಬಲ್ ಮಾಡಿ, 1 ಮೆಬಿಬೈಟ್‌ನಿಂದ ಶುರುವಾಗಿ ಡಿಸ್ಕ್‌ನ ಕೊನೆಗೆ ಸುಮಾರು 100 ಮೆಗಾಬೈಟ್ ಬಿಡುವಂತೆ ಒಂದೇ ಪಾರ್ಟಿಷನ್ ಇಡಿ, ಅದರ ಬಗೆಯನ್ನು ಲಿನಕ್ಸ್ ರೇಡ್ ಎಂದು ಗುರುತಿಸಿ. ಪಾರ್ಟಿಷನ್ ಇಲ್ಲದೆ ಇಡೀ ಡಿಸ್ಕನ್ನೇ ಅರೇಗೆ ಸೇರಿಸಬಹುದಾದರೂ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಪಾರ್ಟಿಷನ್ ಟೇಬಲ್ ಕಾಣದ ಡಿಸ್ಕನ್ನು ಬೇರೆ ಆಪರೇಟಿಂಗ್ ಸಿಸ್ಟಂ ಖಾಲಿ ಎಂದು ತಿಳಿದು ಬರೆಯಲು ಹೊರಡುತ್ತದೆ. ಕೊನೆಗೆ ಬಿಟ್ಟ ಆ 100 ಮೆಗಾಬೈಟ್, ಮುಂದೆ ಬೇರೆ ಕಂಪನಿಯ 4 ಟೆರಾಬೈಟ್ ಡಿಸ್ಕ್ ಕೂದಲೆಳೆಯಷ್ಟು ಚಿಕ್ಕದಾಗಿ ಬಂದರೂ ಅರೇಗೆ ಹೊಂದುವಂತೆ ಕಾಯುತ್ತದೆ.

ಈಗ ಮುಖ್ಯ ಆಜ್ಞೆ. ‘ಎಂಡಿಎಡಿಎಂ --ಕ್ರಿಯೇಟ್ /ಡೆವ್/ಎಂಡಿ0 --ಲೆವೆಲ್=6 --ರೇಡ್-ಡಿವೈಸಸ್=4 --ಸ್ಪೇರ್-ಡಿವೈಸಸ್=1’ ಎಂದು ಬರೆದು, ಮುಂದೆ ಐದೂ ಪಾರ್ಟಿಷನ್‌ಗಳ ಬೈ-ಐಡಿ ಹೆಸರುಗಳನ್ನು ಒಂದಾದ ಮೇಲೊಂದರಂತೆ ಕೊಡಿ. ಮೊದಲ ನಾಲ್ಕು ಅರೇಗೆ ಸೇರುತ್ತವೆ, ಕೊನೆಯದು ಸ್ಪೇರ್ ಆಗುತ್ತದೆ. ಈ ಗಾತ್ರದ ಅರೇಗೆ ರೈಟ್-ಇಂಟೆಂಟ್ ಬಿಟ್‌ಮ್ಯಾಪ್ ಸಾಮಾನ್ಯವಾಗಿ ತಾನಾಗಿ ಸೇರುತ್ತದೆ. ಸೇರಿದೆಯೇ ಎಂದು ‘ಎಂಡಿಎಡಿಎಂ --ಡೀಟೇಲ್ /ಡೆವ್/ಎಂಡಿ0’ ನೀಡುವ ವಿವರದಲ್ಲಿ ನೋಡಿಕೊಳ್ಳಿ, ಏಕೆಂದರೆ ಕರೆಂಟ್ ಹೋಗಿ ಬಂದಾಗ ಅರೇ ಪೂರ್ತಿಯನ್ನು ತಾಳೆ ನೋಡುವ ಬದಲು ಆಗ ಬರೆಯುತ್ತಿದ್ದ ಭಾಗಗಳನ್ನಷ್ಟೇ ತಾಳೆ ನೋಡಲು ಇದರಿಂದಲೇ ಸಾಧ್ಯ.

‘ಕ್ಯಾಟ್ /ಪ್ರಾಕ್/ಎಂಡಿಸ್ಟ್ಯಾಟ್’ ಎಂದು ಕೇಳಿದರೆ ಅರೇಯ ಸ್ಥಿತಿ ಕಾಣುತ್ತದೆ. ಚೌಕ ಕಂಸದೊಳಗೆ ನಾಲ್ಕು ಯು ಅಕ್ಷರಗಳಿದ್ದರೆ ನಾಲ್ಕೂ ಡಿಸ್ಕ್ ಕ್ಷೇಮ. ಯಾವುದೋ ಒಂದರ ಜಾಗದಲ್ಲಿ ಅಡ್ಡಗೆರೆ ಇದ್ದರೆ ಆ ಡಿಸ್ಕ್ ಇಲ್ಲ ಎಂದರ್ಥ. ಡಿಸ್ಕ್ ಹೆಸರಿನ ಮುಂದೆ ಎಸ್ ಇದ್ದರೆ ಅದು ಸ್ಪೇರ್, ಎಫ್ ಇದ್ದರೆ ಕೆಟ್ಟದ್ದು. ಮೊದಲ ಸಲದ ಸಿಂಕ್ (ಡಿಸ್ಕ್‌ಗಳೆಲ್ಲ ಒಂದಕ್ಕೊಂದು ತಾಳೆಯಾಗುವಂತೆ ಮಾಡುವ ಕೆಲಸ) ನಡೆಯುವಾಗ ಪ್ರಗತಿಯ ಗೆರೆ ಓಡುತ್ತಿರುತ್ತದೆ. ಸೆಕೆಂಡಿಗೆ 150 ಮೆಗಾಬೈಟ್ ವೇಗವಿದ್ದರೂ 4 ಟೆರಾಬೈಟ್ ಡಿಸ್ಕ್‌ಗೆ ಏಳು ಗಂಟೆಗೂ ಹೆಚ್ಚು ಬೇಕು. ರೇಡ್ 5 ಆರಿಸಿದವರು ಇಲ್ಲಿ ಗಾಬರಿಯಾಗಬೇಕಿಲ್ಲ. ಎಂಡಿಎಡಿಎಂ ರೇಡ್ 5 ಅನ್ನು ಮೊದಲು ಒಂದು ಡಿಸ್ಕ್ ಕಡಿಮೆಯಿರುವಂತೆ ಕಟ್ಟಿ, ಕೊನೆಯ ಡಿಸ್ಕನ್ನು ರೀಬಿಲ್ಡ್ ಮೂಲಕ ತುಂಬುತ್ತದೆ, ಆದ್ದರಿಂದ ಹೊಚ್ಚ ಹೊಸ ಅರೇಯಲ್ಲೂ ಅಡ್ಡಗೆರೆ ಕಾಣುವುದು ಸಹಜ.

ಸಿಂಕ್ ಮುಗಿಯಲು ಬಿಟ್ಟು ಆಮೇಲೆ ‘ಎಂಕೆಎಫ್‌ಎಸ್.ಇಎಕ್ಸ್‌ಟಿ4 -ಎಂ 0 /ಡೆವ್/ಎಂಡಿ0’ ಯಿಂದ ಫೈಲ್ ಸಿಸ್ಟಂ ಮಾಡಿ. ‘-ಎಂ 0’ ಇಲ್ಲದಿದ್ದರೆ ರೂಟ್‌ಗೆಂದು 5 ಪ್ರತಿಶತ ಜಾಗ ಕಾಯ್ದಿರಿಸಲಾಗುತ್ತದೆ, 8 ಟೆರಾಬೈಟ್‌ನಲ್ಲಿ ಅದು 400 ಗಿಗಾಬೈಟ್; ಬರೀ ದತ್ತಾಂಶ ಇಡುವ ಅರೇಗೆ ಅದು ಬೇಕಿಲ್ಲ. ‘/ಇಟಿಸಿ/ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ಅರೇಯನ್ನು ಅದರ ಯುಯುಐಡಿ ಎಂಬ ಗುರುತು ಸಂಖ್ಯೆಯ ಮೂಲಕ ಸೇರಿಸಿ, ‘ನೋಫೇಲ್’ ಆಯ್ಕೆ ಕೊಡಿ. ಅರೇ ಏಳದಿದ್ದ ದಿನವೂ ಕಂಪ್ಯೂಟರ್ ಆನ್ ಆಗಿ, ದೂರದಿಂದ ಒಳಹೊಕ್ಕು ಏನಾಗಿದೆ ಎಂದು ನೋಡಲು ಇದರಿಂದ ಅನುಕೂಲ.

ಕೊನೆಗೆ ‘ಎಂಡಿಎಡಿಎಂ --ಡೀಟೇಲ್ --ಸ್ಕ್ಯಾನ್’ ಕೊಡುವ ಸಾಲನ್ನು ‘/ಇಟಿಸಿ/ಎಂಡಿಎಡಿಎಂ/ಎಂಡಿಎಡಿಎಂ.ಕಾನ್ಫ್’ ಕಡತಕ್ಕೆ ಸೇರಿಸಿ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಓಡಿಸಿ. ಇದನ್ನು ಬಿಟ್ಟರೆ ಮರುಚಾಲನೆಯ ನಂತರ ಅರೇ ‘ಎಂಡಿ127’ ಎಂಬ ಬೇರೆ ಹೆಸರಿನಲ್ಲಿ ಎದ್ದೀತು. ಆ ಸಾಲಿನಲ್ಲಿ ‘ಸ್ಪೇರ್ಸ್=1’ ಎಂಬ ಮಾತು ಇದೆಯೇ ಎಂದು ನೋಡಿ, ಇರಲಿ. ಮುಂದೆ ಸ್ಪೇರ್ ಇಲ್ಲದೆ ಅರೇ ಎದ್ದರೆ ಉಸ್ತುವಾರಿ ತಂತ್ರಾಂಶ ಎಚ್ಚರಿಸುವುದು ಅದನ್ನು ನೋಡಿಯೇ.

ಎಚ್ಚರಿಕೆ ನಿಮಗೆ ತಲುಪಬೇಕು

ಹಾಟ್ ಸ್ಪೇರ್ ಇರುವ ಅರೇಗೆ ಒಂದು ವಿಶೇಷ ಅಪಾಯವಿದೆ. ಡಿಸ್ಕ್ ಕೆಟ್ಟು ಸ್ಪೇರ್ ಒಳಹೋಗಿ ರೀಬಿಲ್ಡ್ ಮುಗಿದರೂ ಬಳಸುವವರಿಗೆ ಏನೂ ಗೊತ್ತಾಗುವುದಿಲ್ಲ. ಕಡತಗಳು ತೆರೆಯುತ್ತವೆ, ಕೆಲಸ ನಡೆಯುತ್ತದೆ. ಈಗ ಸ್ಪೇರ್ ಇಲ್ಲ ಎಂಬ ಸಂಗತಿ ಮುಂದಿನ ಡಿಸ್ಕ್ ಕೆಡುವವರೆಗೂ ಮುಚ್ಚಿಯೇ ಇರುತ್ತದೆ. ಆದ್ದರಿಂದ ಎಂಡಿಎಡಿಎಂ.ಕಾನ್ಫ್ ಕಡತದಲ್ಲಿ ‘ಮೇಲ್‌ಅಡ್ರ್’ ಸಾಲಿನ ಮುಂದೆ ನೀವು ದಿನವೂ ನೋಡುವ ಇಮೇಲ್ ವಿಳಾಸ ಕೊಡಿ. ಕಂಪ್ಯೂಟರಿನಿಂದ ಮೇಲ್ ಹೊರಹೋಗುವ ವ್ಯವಸ್ಥೆಯನ್ನೂ ಮಾಡಿ. ‘ಪ್ರೋಗ್ರಾಂ’ ಎಂಬ ಸಾಲಿನಲ್ಲಿ ಒಂದು ಸ್ಕ್ರಿಪ್ಟ್‌ನ ಹೆಸರು ಕೊಟ್ಟರೆ ಫೋನಿಗೆ ಸಂದೇಶ ಬರುವಂತೆಯೂ ಮಾಡಬಹುದು. ಎಲ್ಲ ಆದ ಮೇಲೆ ‘ಎಂಡಿಎಡಿಎಂ --ಮಾನಿಟರ್ --ಸ್ಕ್ಯಾನ್ --ಟೆಸ್ಟ್ --ಒನ್‌ಶಾಟ್’ ಎಂದರೆ ಪರೀಕ್ಷಾ ಸಂದೇಶ ಹೊರಡುತ್ತದೆ. ಅದು ನಿಮ್ಮ ಕೈ ಸೇರುವವರೆಗೆ ಅರೇ ಸಿದ್ಧವಾಯಿತೆಂದು ತಿಳಿಯಬೇಡಿ.

ಎರಡು ಅರೇಗಳಿಗೆ ಒಂದೇ ಸ್ಪೇರ್ ಹಂಚಿಡಲು ಬಯಸುವವರು, ಅದೇ ಕಡತದಲ್ಲಿ ಎರಡೂ ಅರೇಗಳ ಸಾಲಿಗೆ ‘ಸ್ಪೇರ್-ಗ್ರೂಪ್=ಮಲ್ನಾಡ್’ ಎಂಬಂತೆ ಒಂದೇ ಹೆಸರು ಕೊಟ್ಟರೆ ಸಾಕು. ಸ್ಪೇರ್ ಯಾವ ಅರೇಯಲ್ಲಿದ್ದರೂ ಬೇಕಾದ ಕಡೆಗೆ ಅದನ್ನು ಒಯ್ಯುವುದು ಮಾನಿಟರ್ ಸೇವೆ, ಹಾಗಾಗಿ ಅದು ಸದಾ ಓಡುತ್ತಿರಬೇಕು.

ಬೇಕೆಂದೇ ಒಂದು ಡಿಸ್ಕ್ ಕೆಡಿಸಿ ನೋಡಿ

ನಿಜವಾದ ದತ್ತಾಂಶ ಹಾಕುವ ಮುನ್ನ ಈ ಹಂತವನ್ನು ದಯವಿಟ್ಟು ಬಿಡಬೇಡಿ. ಅರೇಗೆ ಒಂದಿಷ್ಟು ವಿಡಿಯೋ ನಕಲು ಮಾಡಿ, ಅವುಗಳ ಚೆಕ್‌ಸಮ್ (ಕಡತ ಬದಲಾಗಿದೆಯೇ ಎಂದು ತಿಳಿಸುವ ಲೆಕ್ಕದ ಗುರುತು) ಬರೆದಿಡಿ. ಆಮೇಲೆ ‘ಎಂಡಿಎಡಿಎಂ /ಡೆವ್/ಎಂಡಿ0 --ಫೇಲ್’ ಎಂದು ಒಂದು ಪಾರ್ಟಿಷನ್‌ನ ಹೆಸರು ಕೊಡಿ. ಎಂಡಿಸ್ಟ್ಯಾಟ್‌ನಲ್ಲಿ ಆ ಡಿಸ್ಕ್ ಮುಂದೆ ಎಫ್ ಬೀಳುವುದನ್ನು, ಸ್ಪೇರ್‌ನ ಮುಂದಿದ್ದ ಎಸ್ ಮಾಯವಾಗಿ ರೀಬಿಲ್ಡ್ ಶುರುವಾಗುವುದನ್ನು, ನಿಮಗೆ ಸಂದೇಶ ಬರುವುದನ್ನು ಕಣ್ಣಾರೆ ನೋಡಿ. ರೀಬಿಲ್ಡ್‌ಗೆ ಹಿಡಿದ ಸಮಯವನ್ನು ಬರೆದಿಟ್ಟುಕೊಳ್ಳಿ, ಮುಂದೆ ನಿಜವಾದ ತೊಂದರೆ ಬಂದಾಗ ಎಷ್ಟು ಹೊತ್ತು ಕಾಯಬೇಕೆಂಬ ಅಂದಾಜು ಅದೇ. ಮುಗಿದ ಮೇಲೆ ‘--ರಿಮೂವ್’ ಯಿಂದ ಆ ಡಿಸ್ಕನ್ನು ಹೊರತೆಗೆದು ‘--ಆ್ಯಡ್’ ಯಿಂದ ಮತ್ತೆ ಸೇರಿಸಿದರೆ ಈಗ ಅದೇ ಸ್ಪೇರ್ ಆಗಿ ಕೂರುತ್ತದೆ. ಚೆಕ್‌ಸಮ್‌ಗಳನ್ನು ಮತ್ತೆ ತಾಳೆ ನೋಡಿ.

ಸಂಸ್ಥೆಯ ಕೆಲಸ ನೋಡಿಕೊಳ್ಳುವ ಇನ್ನೊಬ್ಬರಿಂದಲೂ ಇದನ್ನು ನಿಮ್ಮೆದುರು ಮಾಡಿಸಿದರೆ ಒಳಿತು. ಅರೇ ಕಟ್ಟಿದವರು ಮಳೆಗಾಲದಲ್ಲಿ ಊರಲ್ಲಿ ಇಲ್ಲದೆ ಇರಬಹುದು.

ವರ್ಷವಿಡೀ ನೋಡಿಕೊಳ್ಳುವುದು

ಡೆಬಿಯನ್ ಮತ್ತು ಉಬುಂಟುಗಳಲ್ಲಿ ತಿಂಗಳಿಗೊಮ್ಮೆ ಅರೇಯ ಪ್ರತಿ ಸೆಕ್ಟರನ್ನೂ ಓದಿ ತಾಳೆ ನೋಡುವ ಏರ್ಪಾಡು ಇರುತ್ತದೆ. ಅದು ಕಂಪ್ಯೂಟರ್ ಆನ್ ಇರುವ ಹೊತ್ತಿಗೆ ನಡೆಯುವಂತೆ ನೋಡಿಕೊಳ್ಳಿ. ರಾತ್ರಿ ಕಂಪ್ಯೂಟರ್ ಆರಿಸುವ ಕಚೇರಿಗಳಲ್ಲಿ ಅದು ಎಂದೂ ನಡೆಯದೆ ಹೋಗಬಹುದು. ಆದರೆ ಈ ತಪಾಸಣೆ ಸ್ಪೇರ್ ಡಿಸ್ಕನ್ನು ಮುಟ್ಟುವುದಿಲ್ಲ ಎಂಬುದನ್ನು ಗಮನಿಸಬೇಕು. ಸ್ಪೇರ್‌ನಲ್ಲಿ ದತ್ತಾಂಶವೇ ಇಲ್ಲದ್ದರಿಂದ ಅರೇ ಅದನ್ನು ಓದುವ ಗೋಜಿಗೇ ಹೋಗದು, ವರ್ಷಗಟ್ಟಲೆ ಸುಮ್ಮನೆ ಕುಳಿತ ಡಿಸ್ಕ್ ಬೇಕಾದ ದಿನ ಕೈಕೊಟ್ಟರೆ ಆಗ ತಿಳಿದು ಪ್ರಯೋಜನವಿಲ್ಲ. ಹಾಗಾಗಿ ಸ್ಮಾರ್ಟ್‌ಮಾನ್‌ಟೂಲ್ಸ್ ಜೊತೆ ಬರುವ ಸ್ಮಾರ್ಟ್‌ಡಿ ಸೇವೆಯಲ್ಲಿ ಸ್ಪೇರ್ ಸೇರಿದಂತೆ ಐದೂ ಡಿಸ್ಕ್‌ಗಳಿಗೆ ತಿಂಗಳಿಗೊಂದು ದೀರ್ಘ ಪರೀಕ್ಷೆಯನ್ನು, ಎಲ್ಲಕ್ಕೂ ಒಂದೇ ದಿನ ಬಾರದಂತೆ, ನಿಗದಿ ಮಾಡಿ.

ಕಂಪ್ಯೂಟರಿಗೆ ಸಿಕ್ಕಿಸದೆ ಕಪಾಟಿನಲ್ಲಿಡುವ ಸ್ಪೇರ್‌ಗೂ ಆರೈಕೆ ಬೇಕು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವ ಕಪಾಟಿನಲ್ಲೇ ಡಿಸ್ಕ್ ಇಡುವುದು ಸರಿಯಲ್ಲ. ಅದು ಬಂದ ಆ್ಯಂಟಿ-ಸ್ಟ್ಯಾಟಿಕ್ ಚೀಲದಲ್ಲೇ ಇಟ್ಟು, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ, ಮಳೆಗಾಲಕ್ಕೆ ಮುಂಚೆ ಸಿಲಿಕಾ ಜೆಲ್ ಬದಲಿಸಿ, ವರ್ಷಕ್ಕೆ ಎರಡು ಸಲ ಸಿಕ್ಕಿಸಿ ಪರೀಕ್ಷಿಸಿ. ತಣ್ಣನೆಯ ಕೋಣೆಯಿಂದ ತಂದ ಡಿಸ್ಕನ್ನು ತಕ್ಷಣ ಆನ್ ಮಾಡದೆ ಕೆಲವು ಗಂಟೆ ಕೋಣೆಯ ಉಷ್ಣತೆಗೆ ಬರಲು ಬಿಡಿ, ಒಳಗೆ ತೇವ ಕೂತಿದ್ದರೆ ಆರಲಿ. ಕಂಪ್ಯೂಟರನ್ನು ಹಗಲೂ ರಾತ್ರಿ ಓಡುವಂತೆ ಬಿಟ್ಟರೆ ಅದರ ಸ್ವಂತ ಬಿಸಿಯೇ ಒಳಗಿನ ತೇವವನ್ನು ದೂರವಿಡುತ್ತದೆ.

ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಮಾತ್ರ ಈ ಮಾತಿಗೆ ವಿನಾಯಿತಿ ಕೊಡಿ. ಆಗ ಕಂಪ್ಯೂಟರ್ ನಿಲ್ಲಿಸಿ ವಿದ್ಯುತ್ ಪ್ಲಗ್ಗನ್ನೂ ನೆಟ್‌ವರ್ಕ್ ಕೇಬಲನ್ನೂ ಎರಡನ್ನೂ ತೆಗೆಯಬೇಕು. ಸಿಡಿಲಿನ ಪೆಟ್ಟಿಗೆ ಐದೂ ಡಿಸ್ಕ್ ಒಟ್ಟಿಗೆ ಹೋಗಬಲ್ಲವು, ಪ್ಯಾರಿಟಿಯಾಗಲಿ ಸ್ಪೇರ್ ಆಗಲಿ ಅಲ್ಲಿ ಸಹಾಯಕ್ಕೆ ಬಾರದು. ಕೈತಪ್ಪಿ ಅಳಿಸಿದ ಕಡತವನ್ನೂ ವೈರಸ್ ಲಾಕ್ ಮಾಡಿದ ಕಡತವನ್ನೂ ರೇಡ್ ಉಳಿಸುವುದಿಲ್ಲ, ಎಲ್ಲ ಡಿಸ್ಕ್‌ಗಳಲ್ಲೂ ನಿಷ್ಠೆಯಿಂದ ಅದೇ ಬದಲಾವಣೆ ಮಾಡುತ್ತದೆ. ಬ್ಯಾಕಪ್ ಬೇರೆಯೇ ಇರಬೇಕು. ಸಾಗರದ ಸ್ಟುಡಿಯೋದ ಒಂದು ಪ್ರತಿ ಶಿವಮೊಗ್ಗದ ನಂಬಿಕಸ್ಥರ ಮನೆಯಲ್ಲಿ, ಕಂಪ್ಯೂಟರಿಗೆ ಸಿಕ್ಕಿಸದ ಡಿಸ್ಕ್‌ನಲ್ಲಿ ಇದ್ದರೆ ಅದು ಬ್ಯಾಕಪ್.

ಡಿಸ್ಕ್ ನಿಜವಾಗಿ ಕೆಟ್ಟಾಗ

ಡಿಸ್ಕ್ ಪೂರ್ತಿ ಸತ್ತಿಲ್ಲ, ಬಾಕಿ ಸೆಕ್ಟರ್‌ಗಳ ಸಂಖ್ಯೆ ಏರುತ್ತಿದೆ ಎಂಬ ಸಂದೇಶ ಬಂದರೆ ಅದನ್ನು ‘--ಫೇಲ್’ ಮಾಡಬೇಡಿ. ‘ಎಂಡಿಎಡಿಎಂ /ಡೆವ್/ಎಂಡಿ0 --ರಿಪ್ಲೇಸ್’ ಎಂದು ಹಳೆಯ ಪಾರ್ಟಿಷನ್ ಹೆಸರು, ‘--ವಿತ್’ ಎಂದು ಸ್ಪೇರ್‌ನ ಹೆಸರು ಕೊಟ್ಟರೆ, ಹಳೆಯದು ಅರೇಯಲ್ಲಿ ಇರುವಂತೆಯೇ ಅದರಿಂದ ಸ್ಪೇರ್‌ಗೆ ನಕಲಾಗುತ್ತದೆ, ಓದಲಾಗದ ಭಾಗವನ್ನು ಮಾತ್ರ ಉಳಿದ ಡಿಸ್ಕ್‌ಗಳ ಪ್ಯಾರಿಟಿಯಿಂದ ತುಂಬಿಕೊಳ್ಳುತ್ತದೆ. ರಕ್ಷಣೆ ಒಂದು ಕ್ಷಣವೂ ಕಡಿಮೆಯಾಗುವುದಿಲ್ಲ. ಸ್ಪೇರ್ ಮೊದಲೇ ಕಂಪ್ಯೂಟರಿನಲ್ಲಿ ಇರುವುದರ ದೊಡ್ಡ ಲಾಭ ಇದು ಎಂದು ನಾನು ತಿಳಿದಿದ್ದೇನೆ.

ಪೂರ್ತಿ ಸತ್ತಿದ್ದರೆ ರೀಬಿಲ್ಡ್ ಆಗಲೇ ನಡೆಯುತ್ತಿರುತ್ತದೆ. ಅದು ಮುಗಿಯುವವರೆಗೆ ಕಂಪ್ಯೂಟರ್ ಬಿಚ್ಚಬೇಡಿ, ದೊಡ್ಡ ಕಡತಗಳ ಕೆಲಸ ನಿಲ್ಲಿಸಿ, ಬಹಳ ಮುಖ್ಯವಾದ ಹೊಸ ಕಡತಗಳಿದ್ದರೆ ಬ್ಯಾಕಪ್‌ಗೆ ನಕಲು ಮಾಡಿ. ವೇಗ ತೀರ ಕಡಿಮೆಯಿದ್ದರೆ ‘/ಪ್ರಾಕ್/ಸಿಸ್/ಡೆವ್/ರೇಡ್/ಸ್ಪೀಡ್_ಲಿಮಿಟ್_ಮಿನ್’ ಕಡತದಲ್ಲಿರುವ 1000 ಎಂಬ ಅಂಕಿಯನ್ನು 50000ಕ್ಕೆ ಏರಿಸಬಹುದು. ಅದು ಸೆಕೆಂಡಿಗೆ ಕಿಲೋಬೈಟ್‌ಗಳ ಲೆಕ್ಕ. ನಡುವೆ ಕರೆಂಟ್ ಹೋಗಿ ಯುಪಿಎಸ್ ಕಂಪ್ಯೂಟರನ್ನು ಕ್ರಮವಾಗಿ ನಿಲ್ಲಿಸಿದರೆ, ಮತ್ತೆ ಆನ್ ಮಾಡಿದಾಗ ರೀಬಿಲ್ಡ್ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಅರೇ ಏಳಲಿಲ್ಲವೆಂದು ಹತಾಶೆಯಿಂದ ‘--ಕ್ರಿಯೇಟ್’ ಆಜ್ಞೆಯನ್ನು ಮತ್ತೆ ಕೊಡುವ ಸಾಹಸ ಮಾತ್ರ ಯಾರೂ ಮಾಡಬಾರದು. ಅದು ಹಳೆಯ ಗುರುತುಗಳ ಮೇಲೆಯೇ ಹೊಸದನ್ನು ಬರೆಯುತ್ತದೆ, ಉಳಿಸಬಹುದಾಗಿದ್ದ ದತ್ತಾಂಶ ಎಷ್ಟೋ ಸಲ ನಾಶವಾಗುವುದು ಡಿಸ್ಕ್‌ನಿಂದಲ್ಲ, ಈ ಆಜ್ಞೆಯಿಂದ.

ರೀಬಿಲ್ಡ್ ಮುಗಿದ ಮೇಲೆ ಕೆಟ್ಟದ್ದನ್ನು ‘--ರಿಮೂವ್’ ಮಾಡಿ, ಕಂಪ್ಯೂಟರ್ ನಿಲ್ಲಿಸಿ, ಹೊರಗೆ ಅಂಟಿಸಿದ ಚೀಟಿಯ ಸೀರಿಯಲ್ ನಂಬರನ್ನೂ ಡಿಸ್ಕ್ ಮೇಲಿನ ನಂಬರನ್ನೂ ತಾಳೆ ನೋಡಿ ಹೊರತೆಗೆಯಿರಿ. ಹೊಸ ಡಿಸ್ಕ್ ಬಂದಾಗ ಅದೇ ದೀರ್ಘ ಪರೀಕ್ಷೆ ಮುಗಿಸಿ, ಅದೇ ಅಳತೆಯ ಪಾರ್ಟಿಷನ್ ಮಾಡಿ, ‘--ಆ್ಯಡ್’ ಮಾಡಿದರೆ ಅರೇಗೆ ಮತ್ತೆ ಸ್ಪೇರ್ ಬಂತು. ಚೀಟಿ ಬದಲಿಸಿ. ಸ್ಮಾರ್ಟ್‌ಡಿ ಪಟ್ಟಿಗೆ ಹೊಸ ಡಿಸ್ಕ್‌ನ ಹೆಸರು ಸೇರಿಸಿ. ವಾರಂಟಿಗೆ ಕಳಿಸುವ ಡಿಸ್ಕ್ ಇನ್ನೂ ಓಡುತ್ತಿದ್ದರೆ ಒಮ್ಮೆ ಪೂರ್ತಿ ಸೊನ್ನೆ ಬರೆದು ಕಳಿಸಿ. ಓಡದ ಡಿಸ್ಕ್‌ನಲ್ಲಿ ಸಂಘದ ಸದಸ್ಯರ ಖಾತೆಯ ವಿವರಗಳಿದ್ದರೆ ವಾರಂಟಿಯ ಆಸೆ ಬಿಟ್ಟು ಅದನ್ನು ಕಚೇರಿಯಲ್ಲೇ ನಾಶಮಾಡುವುದು ಮೇಲು.